ಸಿಂಧನೂರು ಸೀಮೆಯ ಕ್ಯಾಂಪುಗಳು: ಹೊಲ ಸಿಕ್ಕಿತು, ನೀರು ಬಂತು, ಕಾಗದ ಬಾಕಿ ಇದೆ

ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿನ ಕಡೆ ಹೊರಟರೆ ದಾರಿಯುದ್ದಕ್ಕೂ ಹೊಲದ ಬಣ್ಣ ಬದಲಾಗುತ್ತ ಹೋಗುತ್ತದೆ. ಆ ತುದಿಯಲ್ಲಿ ಮಳೆ ನೆಚ್ಚಿದ ತೊಗರಿ, ಸಜ್ಜೆ, ಜೋಳ, ಹತ್ತಿ. ಈ ತುದಿಗೆ ಬಂದಂತೆ ರಸ್ತೆಯ ಎರಡೂ ಬದಿ ಭತ್ತದ ಗದ್ದೆ, ಅಕ್ಕಿ ಗಿರಣಿ, ಸಾಲುಸಾಲು ಟ್ರ್ಯಾಕ್ಟರ್ ಅಂಗಡಿ. ಊರಿನ ಹೆಸರುಗಳ ಬಾಲಕ್ಕೆ ‘ಕ್ಯಾಂಪ್’ ಸೇರಿಕೊಳ್ಳುವುದೂ ಇಲ್ಲಿಯೇ. ಬೇರೆ ಕಡೆಯಿಂದ ಬಂದು ಗುಡಿಸಲು ಹಾಕಿದವರ ಬಿಡಾರಗಳು ಇವು. ಈಗ ಹೆಚ್ಚಿನವು ಶಾಲೆ, ಗುಡಿ, ಪಕ್ಕಾ ಮನೆಗಳಿರುವ ಊರುಗಳಾಗಿವೆ. ಹೆಸರು ಮಾತ್ರ ಕ್ಯಾಂಪ್ ಎಂದೇ ಉಳಿದಿದೆ.

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೆ ಹೊರಗಿನವರು ಬರುವುದು ಹೊಸದೇನಲ್ಲ. ಮಸ್ಕಿಯ ಬೆಟ್ಟದಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ 1947ರಲ್ಲಿ ಚಿನ್ನದ ಗಣಿ ಕಂಪನಿ ಶುರುವಾದ ಮೇಲೆ ಕೆಲಸ ಅರಸಿ ಬಂದವರಿಂದ ಒಂದು ಪಟ್ಟಣವೇ ಎದ್ದಿತು. ಆದರೆ ಈ ಸೀಮೆಯ ಚಹರೆ ಬದಲಿಸಿದ್ದು ಚಿನ್ನವಲ್ಲ, ನೀರು.

ಕಾಲುವೆ ಹಿಂದೆ ಬಂದವರು

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿಯತೊಡಗಿತು. 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಹಾದು ರಾಯಚೂರಿನವರೆಗೆ ಸಾಗುತ್ತದೆ. 1956ರವರೆಗೆ ಈ ಭಾಗ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಬರಕ್ಕೆ ಹೆಸರಾದ ಸೀಮೆಯಾದ್ದರಿಂದ ಎರೆ ಭೂಮಿಗೆ ಬೆಲೆ ಕಡಿಮೆ. ಇಲ್ಲಿನ ರೈತರಿಗೆ ನೀರು ನಿಲ್ಲಿಸಿ ಬೆಳೆಯುವ ರೂಢಿಯೂ ಇರಲಿಲ್ಲ. ಕೃಷ್ಣಾ, ಗೋದಾವರಿ ಬಯಲಿನ ತೆಲುಗು ರೈತರಿಗೆ ಅದು ಕರಗತವಾಗಿತ್ತು. ಅಲ್ಲಿನ ಅಲ್ಪಸ್ವಲ್ಪ ಜಮೀನು ಮಾರಿ ಇಲ್ಲಿ ಹೆಚ್ಚು ಎಕರೆ ಕೊಂಡರು. ಜಾಲಿ ಕಡಿದರು, ನೆಲ ಮಟ್ಟ ಮಾಡಿ ಭತ್ತ ನಾಟಿ ಮಾಡಿದರು.

ಮೊದಲ ತಲೆಮಾರು ಗುಡಿಸಲಲ್ಲಿ ದಿನ ಕಳೆಯಿತು. ಎರಡನೆಯದು ಅಕ್ಕಿ ಗಿರಣಿ, ಗೊಬ್ಬರದಂಗಡಿ ಇಟ್ಟಿತು. ಮೂರನೆಯ ತಲೆಮಾರಿನ ಹಲವರು ಡಾಕ್ಟರು, ಎಂಜಿನಿಯರುಗಳಾಗಿ ಹೈದರಾಬಾದ್, ಬೆಂಗಳೂರು, ಅಮೆರಿಕ ಸೇರಿದ್ದಾರೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಸಲೀಸು. ಸಿಂಧನೂರು ‘ಭತ್ತದ ಕಣಜ’ ಎನಿಸಿಕೊಂಡದ್ದರಲ್ಲಿ ಇವರ ಬೆವರಿದೆ, ಅವರ ಗದ್ದೆಯಲ್ಲಿ ನಾಟಿ ಮಾಡಿದ ಸ್ಥಳೀಯ ಕೂಲಿಕಾರ ಹೆಣ್ಣುಮಕ್ಕಳ ಬೆವರೂ ಇದೆ.

ಇದರ ಬೆಲೆಯನ್ನು ಬೇರೆಯವರು ತೆತ್ತರು. ಎಡದಂಡೆ ಕಾಲುವೆಯನ್ನು ಹೆಚ್ಚಾಗಿ ಜೋಳ, ಶೇಂಗಾ, ಹತ್ತಿಯಂಥ ಅರೆ ನೀರಾವರಿ ಬೆಳೆಗೆಂದು ರೂಪಿಸಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆ ಮಾನ್ವಿ, ರಾಯಚೂರಿನ ಕೊನೆಭಾಗದ ರೈತರಿಗೆ ನೀರು ತಲುಪುವುದೇ ಕಷ್ಟವಾಯಿತು. ಇತ್ತ ಅತಿಯಾಗಿ ನೀರುಂಡ ಹೊಲಗಳು ಸವಳು-ಜವಳಾದವು. ಭತ್ತ ಬೆಳೆದವರಲ್ಲಿ ಸ್ಥಳೀಯರೂ ಸೇರಿರುವುದರಿಂದ ಇದನ್ನು ವಲಸೆ ಬಂದವರ ತಪ್ಪು ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲಾಗದು.

ಆರ್‌ಎಚ್ ಕ್ಯಾಂಪ್

ಇದೇ ಸಿಂಧನೂರು ತಾಲ್ಲೂಕಿನಲ್ಲಿ ಕೊಳ್ಳಲು ಕೈಯಲ್ಲಿ ಕಾಸಿಲ್ಲದೆ ಬಂದ ಇನ್ನೊಂದು ಸಮುದಾಯವಿದೆ. ಪೂರ್ವ ಪಾಕಿಸ್ತಾನದಲ್ಲಿ ಬದುಕಲಾಗದೆ ಗಡಿ ದಾಟಿದ ಹಿಂದೂ ಬಂಗಾಲಿಗಳಲ್ಲಿ ನೂರಾರು ಕುಟುಂಬಗಳಿಗೆ ಸರ್ಕಾರ ಇಲ್ಲಿ ಪುನರ್ವಸತಿ ಕಲ್ಪಿಸಿತು. 1962ರ ಸೇನಾ ದಂಗೆಯ ನಂತರ ಅಂಗಡಿ, ಆಸ್ತಿ ರಾಷ್ಟ್ರೀಕರಣವಾಗಿ ಬರ್ಮಾ ಬಿಟ್ಟು ಬಂದ ಭಾರತೀಯ ಮೂಲದವರಿಗೂ ಇಲ್ಲೇ ನೆಲೆ ಸಿಕ್ಕಿತು. ಪುನರ್ವಸತಿ ಎಂಬುದರ ಇಂಗ್ಲಿಷ್ ಹೆಸರಿನಿಂದ ಬಂದ ‘ಆರ್‌ಎಚ್ ಕ್ಯಾಂಪ್’ ಎಂಬುದೇ ಈ ಊರುಗಳ ಗುರುತು, ಜೊತೆಗೊಂದು ನಂಬರು.

ಸರ್ಕಾರ ಕೊಟ್ಟ ಜಮೀನಿನಲ್ಲಿ ಇವರೂ ಭತ್ತ ಬೆಳೆದರು. ನದಿನಾಡಿನಿಂದ ಬಂದವರಿಗೆ ಅನ್ನ, ಮೀನು ಇಲ್ಲಿಯೂ ತಪ್ಪಲಿಲ್ಲ. ದಸರೆಯಲ್ಲಿ ಕ್ಯಾಂಪುಗಳಲ್ಲಿ ದುರ್ಗಾಪೂಜೆ ನಡೆಯುತ್ತದೆ. ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತು ಅಜ್ಜ-ಅಜ್ಜಿಗೆ ಕಚೇರಿಯ ಅರ್ಜಿ ಬರೆದುಕೊಡುವಷ್ಟಾದರು. ಆದರೆ ಒಂದು ಕುಟುಂಬಕ್ಕೆ ಸಿಕ್ಕ ತುಂಡು ಜಮೀನು ಮೊಮ್ಮಕ್ಕಳ ಕಾಲಕ್ಕೆ ಹಂಚಿಹೋಗಿ ಸಾಲದಾಯಿತು. ಅವರಲ್ಲಿ ಹಲವರು ದುಡಿಮೆ ಹುಡುಕಿ ದೊಡ್ಡ ಊರುಗಳಿಗೆ ಹೋಗುತ್ತಾರೆ.

ಇವರ ದೊಡ್ಡ ಕೊರಗು ಕಾಗದದ್ದು. ಕಾನೂನಿನ ಪ್ರಕಾರ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಆಮೇಲೆ ಹುಟ್ಟಿದವರ ಹಕ್ಕು ತಂದೆ-ತಾಯಿಯ ಪೌರತ್ವದ ಮೇಲೆ ನಿಂತಿದೆ. ತಡವಾಗಿ ಬಂದು ಸೇರಿದ ಬಂಧುಗಳ ಪಾಡು ಮತ್ತೂ ಬೇರೆ. ಹೀಗಾಗಿ ಒಂದೇ ಒಲೆಯ ಸುತ್ತ ಕೂತವರಲ್ಲಿ ಒಬ್ಬರು ಪ್ರಜೆ, ಇನ್ನೊಬ್ಬರು ಅರ್ಜಿದಾರರಾಗಿರಲು ಸಾಧ್ಯ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದವು. ಅದೇ ವರ್ಷ ಆಗಸ್ಟ್‌ನಲ್ಲಿ ಇಲ್ಲಿನ ಐವರಿಗೆ ಪೌರತ್ವ ಪ್ರಮಾಣಪತ್ರ ಸಿಕ್ಕಿತು.

ಪೌರತ್ವ ಇದ್ದವರಿಗೂ ಇನ್ನೊಂದು ಬಾಗಿಲು ಮುಚ್ಚಿದೆ. ಬಂಗಾಲಿಗಳಲ್ಲಿ ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಆದರೆ ಸಂವಿಧಾನದ 341ನೇ ವಿಧಿಯಂತೆ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ; ಕರ್ನಾಟಕದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ, ಅದೇ ಸಂವಿಧಾನದ 371(ಜೆ) ವಿಧಿ ಹುಟ್ಟಿನಿಂದಷ್ಟೇ ಅಲ್ಲ, ವಾಸದಿಂದಲೂ ಇಲ್ಲಿಗೆ ಸೇರಿದವರನ್ನು ಸ್ಥಳೀಯರೆಂದು ಒಪ್ಪುತ್ತದೆ. ವಾಸಕ್ಕೆ ಬೆಲೆ ಕೊಡುವ ಆ ಉದಾರತೆ ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಕಾಣುವುದಿಲ್ಲ.

ಬರುವವರ ಊರಿನಿಂದ ಹೋಗುವವರು

ಇದೇ ಹೆದ್ದಾರಿಯಲ್ಲಿ ಲಿಂಗಸುಗೂರು, ಮಸ್ಕಿಯ ಹಳ್ಳಿ ಮತ್ತು ತಾಂಡಾಗಳ ಜನ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಗೋವಾ ಕಡೆ ಗುಳೆ ಹೋಗುತ್ತಾರೆ. ಕಾಲುವೆ ಮುಟ್ಟದ ಹೊಲ ವರ್ಷಪೂರ್ತಿ ಅನ್ನ ಕೊಡುವುದಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ಭಾಗದ ರೈತರು ದೀರ್ಘ ಹೋರಾಟ ನಡೆಸಿದ್ದು ಇದೇ ಕಾರಣಕ್ಕೆ. ಕಟ್ಟಡ ಕೆಲಸಕ್ಕೆ ಹೋದವರು ಹತ್ತಾರು ವರ್ಷ ನಗರದ ಅಂಚಿನ ತಗಡಿನ ಶೆಡ್ಡಿನಲ್ಲೇ ಕಳೆಯುತ್ತಾರೆ. ರೇಷನ್ ಕಾರ್ಡು, ಓಟು ಊರಿನಲ್ಲಿ, ದುಡಿಮೆ ಅಲ್ಲಿ, ಮಕ್ಕಳ ಓದು ಎಲ್ಲೂ ಪೂರ್ತಿಯಿಲ್ಲ.

ವರ್ಷ ಉರುಳಿದ ಮಾತ್ರಕ್ಕೆ ಬಂದವರ ಬದುಕು ನೆಟ್ಟಗಾಗುವುದಿಲ್ಲ ಎಂಬುದಕ್ಕೆ ಈ ಮೂರು ತಾಲ್ಲೂಕುಗಳೇ ಸಾಕ್ಷಿ. ಹೊಲ, ನೀರು, ಕಾಗದ ಮೂರೂ ಇದ್ದವರು ಒಂದೆರಡು ತಲೆಮಾರಿನಲ್ಲಿ ಊರಿನವರಾದರು. ಕಾಗದ ಇಲ್ಲದವರು ಅರ್ಧ ಶತಮಾನದ ಮೇಲೂ ಕಚೇರಿ ಅಲೆಯುತ್ತಿದ್ದಾರೆ. ಕಾಗದವಿದ್ದೂ ನೀರು ಕೈಗೆಟುಕದ ಗುಳೆ ಕುಟುಂಬಕ್ಕೆ ಸ್ವಂತ ನಾಡಿನಲ್ಲೇ ನೆಲೆಯಿಲ್ಲ. ಆರ್‌ಎಚ್ ಕ್ಯಾಂಪುಗಳ ಬಾಕಿ ಅರ್ಜಿಗಳನ್ನು ತ್ವರಿತವಾಗಿ ವಿಲೇವಾರಿ ಮಾಡಬೇಕು, ನಾಮಶೂದ್ರರ ಜಾತಿ ಪಟ್ಟಿಯ ಪ್ರಶ್ನೆಯನ್ನು ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ಇತ್ಯರ್ಥ ಮಾಡಬೇಕು, ಮಸ್ಕಿ-ಲಿಂಗಸುಗೂರಿನ ಒಣ ಹೊಲಗಳಿಗೆ ನೀರು ಹರಿಸಬೇಕು. ಇವನ್ನು ಇನ್ನೊಂದು ತಲೆಮಾರಿಗೆ ಮುಂದೂಡುವುದು ಅನ್ಯಾಯ.