ತಲೆಬುರುಡೆಯ ಮೂಳೆಗಳನ್ನು ಕೈಯಿಂದ ಸರಿಪಡಿಸಬಹುದೆ?

ಕಳೆದ ತಿಂಗಳು ಒಂದು ಸಂಜೆ ಕೊನೆಯ ರೋಗಿ ಹೊರಟ ಮೇಲೆ ನಮ್ಮ ಬೀದಿಯ ಹುಡುಗನೊಬ್ಬ ಕ್ಲಿನಿಕ್ಕಿಗೆ ಬಂದ. ಹುಡುಗ ಎಂದೆನಾದರೂ ಅವನು ಫಿಜಿಯೋಥೆರಪಿ ಪದವಿ ಮುಗಿಸಿ ಎರಡು ವರ್ಷವಾಗಿದೆ. ಹೈಸ್ಕೂಲಿನಲ್ಲಿದ್ದಾಗಿನಿಂದ ನನ್ನ ಬಳಿ ಔಷಧಿ ತೆಗೆದುಕೊಂಡವನಾದ್ದರಿಂದ ನನಗೆ ಇನ್ನೂ ಹುಡುಗನೇ. ಮೊಬೈಲಿನಲ್ಲಿ ಬಂದಿದ್ದ ಜಾಹೀರಾತೊಂದನ್ನು ನನ್ನ ಮುಂದೆ ಹಿಡಿದ. ಕೈಚಿಕಿತ್ಸಕರಿಗಾಗಿ 'ಬಯೋಮೆಕ್ಯಾನಿಕಲ್ ವಿಧಾನದ ಕ್ರೇನಿಯಲ್ ಆಸ್ಟಿಯೋಪತಿ', ನಾಲ್ಕು ದಿನಗಳ ತರಬೇತಿ. ಶುಲ್ಕ ಅವನ ಒಂದೂವರೆ ತಿಂಗಳ ಸಂಬಳ. ಅರೆತಲೆನೋವು, ನಿದ್ರಾಹೀನತೆ, ಕಿವಿಯೊಳಗಿನ ಗುಂಯ್‌ಗುಡುವಿಕೆ, ಎಳೆಮಕ್ಕಳ ಚಪ್ಪಟೆ ತಲೆ ಇವೆಲ್ಲಕ್ಕೂ ಉಪಯೋಗ ಎಂದು ಬರೆದಿತ್ತು.

"ಸೇರಲೋ ಬೇಡವೋ ಸರ್?" ಎಂದ.

ನಾನು ಎಂ.ಬಿ.ಬಿ.ಎಸ್. ಓದಿದ ಸಾಮಾನ್ಯ ವೈದ್ಯ. ಈ ವಿದ್ಯೆಯನ್ನು ಯಾರೂ ನನಗೆ ಕಲಿಸಿಲ್ಲ. ಒಂದು ವಾರದ ಸಮಯ ಕೇಳಿ, ಸಿಕ್ಕಿದ್ದನ್ನೆಲ್ಲ ಓದಿದೆ. ಇತ್ತೀಚೆಗೆ ದೊಡ್ಡ ಊರುಗಳಲ್ಲಿ ಈ ಚಿಕಿತ್ಸೆಯ ಹೆಸರು ಕೇಳಿಬರುತ್ತಿರುವುದರಿಂದ ಓದುಗರಿಗೂ ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಆಸ್ಟಿಯೋಪತಿ ಹುಟ್ಟಿದ್ದು ಅಮೆರಿಕದಲ್ಲಿ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯನ ಮನೆಯ ಮೂವರು ಮಕ್ಕಳು 1864ರಲ್ಲಿ ಮಿದುಳುಪೊರೆಯ ಉರಿಯೂತದಿಂದ ತೀರಿಕೊಂಡರು. ಅಂದಿನ ಔಷಧಿಗಳ ಮೇಲೆ ಅವನಿಗೆ ನಂಬಿಕೆ ಹೋಯಿತು. ಮೂಳೆ, ಕೀಲು, ಸ್ನಾಯುಗಳನ್ನು ಸರಿಯಾದ ಸ್ಥಿತಿಗೆ ತಂದರೆ ದೇಹ ತಾನೇ ಗುಣವಾಗುತ್ತದೆ ಎಂದು 1874ರಲ್ಲಿ ಸಾರಿದ. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಶಾಲೆ ತೆರೆದ. ಇಂದು ಅಮೆರಿಕದಲ್ಲಿ ಆಸ್ಟಿಯೋಪತಿ ಪದವೀಧರರು ಔಷಧಿ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ಪ್ರಮಾಣದ ವೈದ್ಯರು. ಬೇರೆ ಅನೇಕ ದೇಶಗಳಲ್ಲಿ ಆಸ್ಟಿಯೋಪತಿ ಎಂದರೆ ಕೈಚಿಕಿತ್ಸೆ ಮಾತ್ರ.

ತಲೆಬುರುಡೆಯ ವಿಚಾರ ಬಂದದ್ದು ಸ್ಟಿಲ್‌ನ ಶಿಷ್ಯ ವಿಲಿಯಂ ಗಾರ್ನರ್ ಸದರ್‌ಲ್ಯಾಂಡ್‌ನಿಂದ. ಈತ ಮೊದಲು ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದವನು. 1899ರಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಶಾಲೆಯಲ್ಲಿ ಬಿಡಿಬಿಡಿಯಾಗಿ ಇಟ್ಟಿದ್ದ ತಲೆಬುರುಡೆಯ ಮೂಳೆಗಳನ್ನು ನೋಡಿದ. ಕಿವಿಯ ಮೇಲ್ಭಾಗದ ಟೆಂಪೊರಲ್ ಮೂಳೆಯ ಅಂಚು ಓರೆಯಾಗಿ ಕೆತ್ತಿದಂತೆ, ಮೀನಿನ ಕಿವಿರಿನಂತೆ ಕಂಡಿತು. ಕಿವಿರಿನಂತಿದ್ದರೆ ಉಸಿರಾಟದಂತೆ ಚಲನೆಯೂ ಇರಬೇಕಲ್ಲ ಎಂದು ಅವನಿಗೆ ಹೊಳೆಯಿತು. ಮುಂದೆ ಹಲವು ವರ್ಷ ತನ್ನ ತಲೆಗೇ ಪಟ್ಟಿ ಬಿಗಿದು, ಶಿರಸ್ತ್ರಾಣದಂಥ ಸಾಧನಗಳನ್ನು ತೊಟ್ಟು ಒತ್ತಿ ನೋಡಿಕೊಂಡ. 1939ರಲ್ಲಿ ಸಣ್ಣ ಪುಸ್ತಕ ಬರೆದ. ಛಲಗಾರನೆಂಬುದರಲ್ಲಿ ಸಂಶಯವಿಲ್ಲ. ಆದರೆ ಪರೀಕ್ಷಿಸಿದವನೂ ಅವನೇ, ಪರೀಕ್ಷೆಗೆ ಒಳಗಾದವನೂ ಅವನೇ.

ಈಗ 'ಬಯೋಮೆಕ್ಯಾನಿಕಲ್' ಎಂಬ ಮಾತಿನ ಅರ್ಥ ನೋಡೋಣ. ಈ ವಿದ್ಯೆಯಲ್ಲಿ ಎರಡು ಪಂಥಗಳಿವೆ. ಒಂದು ಪಂಥ ದೇಹದೊಳಗಿನ ಜೀವಶಕ್ತಿ, ಅಲೆ ಎಂದು ಮಾತಾಡುತ್ತದೆ. ಇನ್ನೊಂದು ಯಂತ್ರದ ಭಾಷೆಯಲ್ಲಿ ಮಾತಾಡುತ್ತದೆ. ಇದೇ ಬಯೋಮೆಕ್ಯಾನಿಕಲ್ ವಿಧಾನ. ಅದರ ಪ್ರಕಾರ ತಲೆಬುರುಡೆಯ ಮೂಳೆಗಳು ಗಡಿಯಾರದ ಹಲ್ಲುಚಕ್ರಗಳಂತೆ ಒಂದಕ್ಕೊಂದು ಹೊಂದಿಕೊಂಡಿವೆ. ಮಧ್ಯದ ಚಕ್ರವೆಂದರೆ ಬುರುಡೆಯ ತಳದಲ್ಲಿ ಕಣ್ಣುಗಳ ಹಿಂದಿರುವ ಸ್ಫೀನಾಯ್ಡ್ ಮೂಳೆ ಮತ್ತು ಹಿಂತಲೆಯ ಆಕ್ಸಿಪಿಟಲ್ ಮೂಳೆ ಸೇರುವ ಜಾಗ. ಮಿದುಳಿನ ಗಟ್ಟಿ ಪೊರೆ ಹಗ್ಗದಂತೆ ಇವೆಲ್ಲವನ್ನೂ ಬಿಗಿದು ಕಟ್ಟಿದೆ. ಈ ಇಡೀ ವ್ಯವಸ್ಥೆ ನಿಧಾನ ಲಯದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಲಯದ ವೇಗಕ್ಕೆ ನಿಮಿಷಕ್ಕೆ 6ರಿಂದ 14ರವರೆಗೆ ಬೇರೆ ಬೇರೆ ಗುರುಗಳು ಬೇರೆ ಬೇರೆ ಅಂಕಿ ಕೊಡುತ್ತಾರೆ. ಪೆಟ್ಟು ಬಿದ್ದಾಗ, ಹೆರಿಗೆಯ ಒತ್ತಡದಲ್ಲಿ, ಆ ಮಧ್ಯದ ಸಂದು ತಿರುಚಿಕೊಳ್ಳುತ್ತದೆ ಅಥವಾ ವಾಲುತ್ತದೆ, ಅದನ್ನು ಹಗುರವಾದ ಕೈಯಿಂದ ಸರಿಪಡಿಸಬೇಕು ಎಂಬುದು ವಾದ.

ತರಬೇತಿಯಲ್ಲಿ ಕಲಿಸುವುದೂ ಅದನ್ನೇ. ರೋಗಿಯನ್ನು ಮಲಗಿಸಿ ತಲೆಯ ಬದಿ ಕುಳಿತು ಎರಡೂ ಅಂಗೈಗಳಿಂದ ತಲೆಯನ್ನು ಹಿಡಿಯಬೇಕು. ತೋರುಬೆರಳು ಕಣ್ಣಿನ ಪಕ್ಕದ ಕಪೋಲಕ್ಕೆ, ನಡುವಿನ ಎರಡು ಬೆರಳು ಕಿವಿಯ ಮುಂದೆ ಹಿಂದೆ, ಕಿರುಬೆರಳು ಹಿಂತಲೆಗೆ. ಒತ್ತಬಾರದು. 1970ರ ದಶಕದಲ್ಲಿ ಇದೇ ವಿದ್ಯೆಯ ಇನ್ನೊಂದು ರೂಪವನ್ನು ಹರಡಿದ ಜಾನ್ ಅಪ್‌ಲೆಜರ್ ಎಂಬಾತ 5 ಗ್ರಾಂ ಭಾರ ಸಾಕು ಎಂದ. ಒಂದು ಟೀ ಚಮಚ ನೀರಿನ ತೂಕವಷ್ಟೆ!

ನಮ್ಮ ಶರೀರರಚನಾ ಶಾಸ್ತ್ರ ಏನು ಹೇಳುತ್ತದೆ? ಹುಟ್ಟಿದ ಮಗುವಿನ ತಲೆಯ ಮೂಳೆಗಳು ನಿಜಕ್ಕೂ ಬಿಡಿಬಿಡಿಯಾಗಿರುತ್ತವೆ. ಹೆರಿಗೆಯಲ್ಲಿ ಒಂದರ ಮೇಲೊಂದು ಜರುಗಿ ದಾರಿ ಮಾಡಿಕೊಡುತ್ತವೆ. ಅಜ್ಜಿಯರು ಎಣ್ಣೆ ಒತ್ತುವ ನೆತ್ತಿಯ ಮೆದುಭಾಗ ಮುಚ್ಚಿಕೊಳ್ಳಲು ಸಾಮಾನ್ಯವಾಗಿ ಒಂದೂವರೆ ವರ್ಷ ಬೇಕು. ಆದರೆ ದೊಡ್ಡವರ ತಲೆಯಲ್ಲಿ ಮೂಳೆಗಳ ಅಂಚು ಗರಗಸದ ಹಲ್ಲುಗಳಂತೆ ಒಂದರೊಳಗೊಂದು ಕಚ್ಚಿಕೊಂಡಿರುತ್ತದೆ. ನಡುವೆ ನಾರಿನ ಅಂಗಾಂಶ ಸ್ವಲ್ಪ ಇರುವುದು ನಿಜ, ವಯಸ್ಸಾದಂತೆ ಅದೂ ಮೂಳೆಯಾಗುತ್ತ ಹೋಗುತ್ತದೆ. ಇನ್ನು ಆ 'ಮಧ್ಯದ ಚಕ್ರ'ದ ಸಂಗತಿ. ಸ್ಫೀನಾಯ್ಡ್ ಮತ್ತು ಆಕ್ಸಿಪಿಟಲ್ ನಡುವೆ ಮಕ್ಕಳಲ್ಲಿ ಮೃದ್ವಸ್ಥಿ ಇರುತ್ತದೆ. ಇಪ್ಪತ್ತು ಇಪ್ಪತ್ತೈದರ ಹೊತ್ತಿಗಂತೂ ಅದು ಪೂರ್ತಿ ಬೆಸೆದು ಒಂದೇ ಮೂಳೆಯಾಗಿರುತ್ತದೆ. ನ್ಯಾಯವೈದ್ಯಶಾಸ್ತ್ರದ ಪರೀಕ್ಷೆಯಲ್ಲಿ ಬುರುಡೆ ಕೈಗೆ ಕೊಟ್ಟು ವಯಸ್ಸು ಕೇಳಿದಾಗ ನಾವು ಮೊದಲು ತಿರುಗಿಸಿ ನೋಡುತ್ತಿದ್ದುದು ಈ ಬೆಸುಗೆಯನ್ನೇ. ನಲವತ್ತು ವರ್ಷದವರಲ್ಲಿ ಇಲ್ಲದೇ ಹೋದ ಸಂದನ್ನು ತಿರುಚಿಕೊಂಡಿದೆ ಎನ್ನುವುದು ಹೇಗೆ?

2006ರಲ್ಲಿ ಅಮೆರಿಕದ ಸಂಶೋಧಕರು ಅರಿವಳಿಕೆ ಕೊಟ್ಟ ಮೊಲಗಳ ತಲೆಯ ಸಂದಿನ ಎರಡೂ ಬದಿಗೆ ಪುಟ್ಟ ಫಲಕ ಕೂರಿಸಿ, 5ರಿಂದ 20 ಗ್ರಾಂವರೆಗಿನ ಭಾರದಿಂದ ಎಳೆದು ಅಳೆದರು. ಸಂದು ಗಣನೀಯವಾಗಿ ಅಲುಗಲಿಲ್ಲ, ಮಿದುಳಿನ ಒತ್ತಡವೂ ಬದಲಾಗಲಿಲ್ಲ.

ಹಾಗಾದರೆ ತರಬೇತಾದವರ ಬೆರಳಿಗೆ ಸಿಗುವ ಲಯ ಯಾವುದು? ಮಿದುಳು ಪ್ರತಿ ಎದೆಬಡಿತಕ್ಕೂ ಮಿಡಿಯುತ್ತದೆ. ಮಿದುಳಿನ ಸುತ್ತಲಿನ ದ್ರವ ಉಸಿರಾಟದೊಂದಿಗೆ ಹಿಂದೆ ಮುಂದೆ ಸರಿಯುತ್ತದೆ. ಎಂ.ಆರ್.ಐ.ನಲ್ಲಿ ಇದು ಕಾಣುತ್ತದೆ. ಚರ್ಮದ ರಕ್ತನಾಳಗಳು ನಿಮಿಷಕ್ಕೆ ಸುಮಾರು ಆರು ಸಲ ತಾವಾಗಿಯೇ ಸಡಿಲ ಬಿಗಿ ಆಗುತ್ತಿರುತ್ತವೆ. ಇವೆಲ್ಲ ರೋಗಿಯ ತಲೆಯಲ್ಲಿರುವಂತೆ ಚಿಕಿತ್ಸಕನ ಬೆರಳಿನಲ್ಲೂ ಇವೆ. ಯಾರ ಲಯ ಯಾರಿಗೆ ಸಿಕ್ಕಿತು ಎಂದು ಹೇಳುವವರಾರು?

ಅದನ್ನು ತಿಳಿಯಲು ಸುಲಭ ದಾರಿಯೊಂದಿದೆ. ಒಂದೇ ತಲೆಯನ್ನು ಬೇರೆ ಬೇರೆಯವರು ಮುಟ್ಟಿ ಎಣಿಸಲಿ. ಲಯ ಆ ತಲೆಯಲ್ಲಿದ್ದರೆ ಎಣಿಕೆ ಒಂದೇ ಬರಬೇಕು. 1994ರಲ್ಲಿ ಅಮೆರಿಕದ ಮೂವರು ಅನುಭವಿ ಥೆರಪಿಸ್ಟರು 12 ಜನರನ್ನು ಹೀಗೆ ಪರೀಕ್ಷಿಸಿದಾಗ ಒಬ್ಬರ ಎಣಿಕೆಗೂ ಇನ್ನೊಬ್ಬರ ಎಣಿಕೆಗೂ ಹೊಂದಿಕೆಯೇ ಇರಲಿಲ್ಲ. 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಇಬ್ಬರು ಆಸ್ಟಿಯೋಪತ್‌ಗಳು ಒಂದೇ ಹೊತ್ತಿಗೆ ಒಬ್ಬರು ತಲೆ, ಇನ್ನೊಬ್ಬರು ಸೊಂಟದ ಕೆಳಗಿನ ಮೂಳೆ ಹಿಡಿದು ಎಣಿಸಿದರು. ಅಲ್ಲೂ ತಾಳ ಕೂಡಲಿಲ್ಲ. 2002ರಲ್ಲಿ ಅಮೆರಿಕದ ಒಂದು ಆಸ್ಟಿಯೋಪತಿ ಕಾಲೇಜಿನ ಇಬ್ಬರು ಪ್ರಾಧ್ಯಾಪಕರೇ, ರೋಗಿಗಳಿಗೆ ಪ್ರಯೋಜನವಿದೆ ಎಂದು ಸಿದ್ಧವಾಗುವ ತನಕ ಇದನ್ನು ಪಠ್ಯದಿಂದ ತೆಗೆಯಬೇಕೆಂದು ಬರೆದರು. ಮನೆಯವರೇ ಹೇಳಿದ ಮಾತಿದು ಎಂಬ ಕಾರಣಕ್ಕೆ ನನಗೆ ಇದರ ತೂಕ ಹೆಚ್ಚು. 2016ರಲ್ಲಿ ಫ್ರಾನ್ಸಿನ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಹೆಚ್ಚುಕಡಿಮೆ ಅದೇ ತೀರ್ಮಾನಕ್ಕೆ ಬಂದರು.

ಇಷ್ಟು ಹೇಳಿದರೂ ನಮ್ಮ ಹುಡುಗನಿಗೆ ಸಮಾಧಾನವಾಗಲಿಲ್ಲ. ಈ ತರಬೇತಿ ಮುಗಿಸಿದ ಇಬ್ಬರು ಸೀನಿಯರ್‌ಗಳು ಅವನಿಗೆ ಪರಿಚಯ. "ಕರೆದುಕೊಂಡು ಬಾರಪ್ಪ, ನೋಡೇಬಿಡೋಣ" ಎಂದೆ. ಭಾನುವಾರ ಬಂದರು. ಪಾಪ, ಸಜ್ಜನರು. ನಮ್ಮ ಕಾಂಪೌಂಡರ್‌ನನ್ನು ಮಂಚದ ಮೇಲೆ ಮಲಗಿಸಿದೆವು. ಒಬ್ಬೊಬ್ಬರೇ ಒಳಗೆ ಹೋಗಿ ಎಣಿಸಿ ಚೀಟಿಯಲ್ಲಿ ಬರೆದುಕೊಡುವುದೆಂದು ಮಾತಾಯಿತು. ಮೊದಲನೆಯವರು ನಿಮಿಷಕ್ಕೆ 8 ಎಂದರು, ಎರಡನೆಯವರು 13. ಕಾಫಿ ಕುಡಿದು ಮತ್ತೆ ಎಣಿಸಿದಾಗ ಮೊದಲನೆಯವರದೇ 11 ಆಯಿತು. ಏನೂ ಕಲಿಯದ ನನಗೂ 10 ಸಿಕ್ಕಿತು! ಇದು ಸಂಶೋಧನೆಯಲ್ಲ, ಭಾನುವಾರದ ಆಟ. ಆದರೂ ಹುಡುಗನ ಮುಖ ಸಣ್ಣದಾಯಿತು.

"ಹಾಗಾದರೆ ಕೈಗೆ ಗೊತ್ತಾಗುವುದೆಲ್ಲ ಸುಳ್ಳೇ ಸರ್?" ಎಂದ.

ಅವನಿಗೆ ನನ್ನ ವಿದ್ಯಾರ್ಥಿ ದಿನಗಳ ಕತೆ ಹೇಳಿದೆ. ವಾರ್ಡಿನಲ್ಲಿ ನಮ್ಮ ಮೇಷ್ಟ್ರು ಒಬ್ಬ ರೋಗಿಯ ಹೃದಯದಲ್ಲಿ ಮರ್ಮರ ಶಬ್ದವಿದೆ, ಕೇಳಿ ಎಂದರು. ಎಂಟು ಜನ ಸಾಲಾಗಿ ಸ್ಟೆತಾಸ್ಕೋಪ್ ಇಟ್ಟೆವು, ಎಂಟೂ ಜನಕ್ಕೆ ಕೇಳಿಸಿತು. ಆಮೇಲೆ ನೋಡಿದರೆ ಹೃದ್ರೋಗಿ ಪಕ್ಕದ ಮಂಚದವನು! ನಾವು ಯಾರೂ ಸುಳ್ಳು ಹೇಳಿರಲಿಲ್ಲ. ಇದೆ ಎಂದು ದೊಡ್ಡವರು ಹೇಳಿದ್ದರು, ಕಿವಿ ಕೇಳಿಸಿಕೊಂಡಿತು. ಬೆರಳಿಗೂ ಅದೇ ಸ್ವಭಾವ. ಒಂದೇ ವ್ಯತ್ಯಾಸವೆಂದರೆ ನಮ್ಮ ತಪ್ಪನ್ನು ತೋರಿಸಲು ಇ.ಸಿ.ಜಿ., ಎಕೋ ಇವೆ. ಆ ನಾಲ್ಕು ದಿನಗಳ ತರಬೇತಿಯಲ್ಲಿ ನಿನ್ನ ಬೆರಳು ತಪ್ಪಿದರೆ ತೋರಿಸುವುದು ಯಾವುದು ಎಂದು ಕೇಳಿದೆ.

ಇನ್ನೊಂದು ಸಂಗತಿಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಕಾಂಪೌಂಡರ್ ಮಂಚದ ಮೇಲೆ ನಿದ್ದೆ ಹೋಗಿದ್ದ. ಎದ್ದವನು "ವಾರದಿಂದ ಇದ್ದ ಕತ್ತುನೋವು ಹಗುರಾಯ್ತು ಸಾರ್" ಎಂದ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಜರ್ಮನಿಯಲ್ಲಿ 54 ಜನ ದೀರ್ಘಕಾಲದ ಕತ್ತುನೋವಿನವರ ಮೇಲೆ ನಡೆದ ಪ್ರಯೋಗದಲ್ಲಿ, ಬರೀ ಹಗುರ ಸ್ಪರ್ಶ ಪಡೆದವರಿಗಿಂತ ಈ ಬಗೆಯ ಚಿಕಿತ್ಸೆ ಪಡೆದವರಿಗೆ ನೋವು ಕಡಿಮೆಯಾಯಿತು ಎಂದು 2016ರಲ್ಲಿ ವರದಿಯಾಗಿದೆ. ಸಣ್ಣ ಪ್ರಯೋಗ, ಚಿಕಿತ್ಸೆ ಕೊಡುವವರಿಗೆ ಯಾರಿಗೆ ಯಾವುದು ಎಂದು ಗೊತ್ತೇ ಇರುತ್ತದೆ. ಆದರೂ ಅರ್ಧ ಗಂಟೆ ಕತ್ತಲು ಕೋಣೆಯಲ್ಲಿ ಮಲಗಿ, ಬೆಚ್ಚನೆಯ ಕೈ ತಲೆಯ ಕೆಳಗಿದ್ದರೆ ಬಿಗಿದ ಸ್ನಾಯು ಸಡಿಲವಾಗುವುದು ಸಹಜ. ಅದಕ್ಕೆ ಮೂಳೆ ಜರುಗಬೇಕಾಗಿಲ್ಲ.

ನನ್ನ ಭಯ ಬೇರೆ. ಹಗುರಾಯಿತೆಂಬ ಸಮಾಧಾನದಲ್ಲಿ ಕಾಯಿಲೆ ಮುಂದೆ ಹೋಗಬಾರದು. ಇದುವರೆಗೆ ಎಂದೂ ಬಾರದಂಥ ಭಾರಿ ತಲೆನೋವು ಏಕಾಏಕಿ ಬಂದರೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದರೆ, ಬೆಳಗಿನ ಜಾವ ವಾಂತಿಯೊಂದಿಗೆ ಬಂದರೆ, ಜ್ವರ, ಕತ್ತು ಬಿಗಿತ, ಮಾತು ತೊದಲುವುದು, ಎರಡೆರಡಾಗಿ ಕಾಣುವುದು, ಕೈಕಾಲು ಸೋಲುವುದು ಜೊತೆಗಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಹೆಚ್ಚುತ್ತಿದ್ದರೆ ಯಾವ ಕೈಚಿಕಿತ್ಸೆಗೂ ಹೋಗದೆ ನೇರ ಆಸ್ಪತ್ರೆಗೆ ಹೋಗಿ.

ಎಳೆಮಕ್ಕಳ ತಲೆಯ ವಿಚಾರಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ಮಗುವಿನ ತಲೆಗೆ ಆಕಾರ ಕೊಡುವುದು ಒಳಗಿನಿಂದ ಬೆಳೆಯುವ ಮಿದುಳು. ಹುಟ್ಟಿದಾಗ ಸುಮಾರು 34 ಸೆಂಟಿಮೀಟರ್ ಇದ್ದ ತಲೆಯ ಸುತ್ತಳತೆ ಒಂದು ವರ್ಷಕ್ಕೆ 45ರ ಆಸುಪಾಸಿಗೆ ಬರುತ್ತದೆ. ಒಂದೇ ಮಗ್ಗುಲಿಗೆ ಮಲಗಿ ಚಪ್ಪಟೆಯಾದ ತಲೆ ಮಗು ಮಗುಚಿ, ಕೂರಲು ಕಲಿತಂತೆ ಬಹುಮಟ್ಟಿಗೆ ತಾನೇ ಸರಿಹೋಗುತ್ತದೆ. ಎಚ್ಚರವಿದ್ದಾಗ, ನೀವು ಎದುರಿಗಿದ್ದು, ದಿನಕ್ಕೆ ಹಲವು ಸಲ ಬೋರಲು ಮಲಗಿಸಿ. ನಿದ್ದೆಗೆ ಮಾತ್ರ ಅಂಗಾತವೇ ಸರಿ. ತಲೆ ದುಂಡಗಾಗಲಿ ಎಂದು ಸಾಸಿವೆ ದಿಂಬು ಇಡುವುದು ನಮ್ಮಲ್ಲಿ ರೂಢಿ. ವರ್ಷದೊಳಗಿನ ಮಗುವಿಗೆ ದಿಂಬೇ ಬೇಡ, ಹೊಲಿಗೆ ಬಿಚ್ಚಿ ಸಾಸಿವೆ ಬಾಯಿಗೆ ಹೋದೀತು. ಎಣ್ಣೆ ನೀರು ಹಾಕುವ ಹೆಂಗಸು ತಲೆ ಒತ್ತಿ, ಮೂಗು ಎಳೆದು ತಿದ್ದುತ್ತೇನೆ ಎಂದರೆ ಮೃದುವಾಗಿಯೇ ಬೇಡವೆನ್ನಿ. ಎಣ್ಣೆ ಸವರಿದರೆ ಸಾಕು.

ಆದರೆ ಎಲ್ಲ ಸೊಟ್ಟ ತಲೆಯೂ ಹಾಗಲ್ಲ. ಕೆಲವು ಮಕ್ಕಳಲ್ಲಿ ತಲೆಯ ಒಂದು ಸಂದು ಕಾಲಕ್ಕೆ ಮುಂಚೆ ಬೆಸೆದುಬಿಡುತ್ತದೆ. ಸಂದಿನ ಉದ್ದಕ್ಕೂ ಏಣು ಕೈಗೆ ಸಿಗುತ್ತದೆ, ತಲೆ ದೋಣಿಯಂತೆ ಉದ್ದವಾಗುತ್ತದೆ ಅಥವಾ ಹಣೆ ಒಂದು ಕಡೆ ಒಳಸರಿಯುತ್ತದೆ, ನೆತ್ತಿ ಬೇಗ ಮುಚ್ಚುವುದೂ ಉಂಟು. ಇದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅದನ್ನು ಹೆಚ್ಚಾಗಿ ಮೊದಲ ವರ್ಷದೊಳಗೇ ಮಾಡುತ್ತಾರೆ. ವಾರಕ್ಕೊಮ್ಮೆ ತಲೆ ಹಿಡಿಸಿಕೊಳ್ಳುತ್ತ ಆ ತಿಂಗಳುಗಳನ್ನು ಕಳೆದುಕೊಂಡರೆ ನಷ್ಟ ಮಗುವಿನದು. ಲಸಿಕೆಗೆ ಹೋದಾಗ ತಲೆಯ ಸುತ್ತಳತೆ ಅಳೆದು ಬರೆಯಲು ಹೇಳಿ. ಒಂದು ಟೇಪಿನ ಕೆಲಸ.

ಇನ್ನು ಕೆಲವು ಮಕ್ಕಳ ಕತ್ತಿನ ಒಂದು ಬದಿಯ ಸ್ನಾಯು ಹುಟ್ಟಿನಿಂದಲೇ ಬಿಗಿಯಾಗಿರುತ್ತದೆ. ಮುಖ ಸದಾ ಒಂದೇ ಕಡೆ ತಿರುಗಿರುವುದರಿಂದ ತಲೆಯ ಒಂದು ಬದಿ ಚಪ್ಪಟೆಯಾಗುತ್ತ ಹೋಗುತ್ತದೆ. ಇದು ನಿಜವಾಗಿ ಫಿಜಿಯೋಥೆರಪಿಸ್ಟರ ಕ್ಷೇತ್ರ. ಬೇಗ ಶುರುಮಾಡಿದಷ್ಟೂ ಫಲ ಹೆಚ್ಚು, ಗುಣವಾಯಿತೋ ಇಲ್ಲವೋ ಎಂಬುದನ್ನು ಕತ್ತು ಎಷ್ಟು ತಿರುಗುತ್ತದೆ ಎಂದು ಅಳೆದೇ ಹೇಳಬಹುದು.

ಹುಡುಗ ಆ ತರಬೇತಿಗೆ ಹಣ ಕಟ್ಟಲಿಲ್ಲ. ಕಳೆದ ವಾರ ಮೂರು ತಿಂಗಳ ಹೆಣ್ಣುಮಗುವೊಂದನ್ನು ನಾನೇ ಅವನ ಬಳಿ ಕಳಿಸಿದೆ. ಸದಾ ಬಲಕ್ಕೇ ನೋಡುವ ಮಗು. ಕತ್ತನ್ನು ಹೇಗೆ ಹಿಡಿದು ಮೆಲ್ಲಗೆ ತಿರುಗಿಸಬೇಕೆಂದು ತಾಯಿಗೂ ಅಜ್ಜಿಗೂ ಕಲಿಸಿದ್ದಾನೆ. ತೊಟ್ಟಿಲನ್ನು ತಿರುಗಿಸಿ, ಬಾಗಿಲು ಮಗುವಿನ ಎಡಕ್ಕೆ ಬರುವಂತೆ ಇಡಿಸಿದ್ದಾನೆ.