ಮಿರಜಿನ ಖಾನಸಾಹೇಬರು: ದೊಡ್ಡತನ ಯಾವುದರಲ್ಲಿ?

ಮಿರಜಿನ ಮೀರಾಸಾಹೇಬ ದರ್ಗಾದ ಉರುಸಿನಲ್ಲಿ ನೀವು ರಾತ್ರಿಯ ಹಾಡುಗಾರಿಕೆ ಕೇಳಿರಬಹುದು. ಅದು ಅಲ್ಲಿಯೇ ಮಣ್ಣಾದ ಉಸ್ತಾದ್ ಅಬ್ದುಲ್ ಕರೀಂ ಖಾನರ ಸ್ಮರಣೆ.

ಲಿಂಗನೂರಿಗೆ ಮರಳುವಾಗ ವಾದ ಹತ್ತುತ್ತದೆ. "ದನಿ ಸಣ್ಣದು, ಹಾಡಿನ ಮಾತು ತಿಳಿಯುವುದಿಲ್ಲ, ಲಯದ ಆಟವಿಲ್ಲ. ಕೊಲ್ಹಾಪುರದ ಅಲ್ಲಾದಿಯಾ ಖಾನರೇ ಹೆಚ್ಚು" ಎನ್ನುವವರಿದ್ದಾರೆ. ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಜಮಾ, ಖರ್ಚು ಎರಡೂ ನೋಡುವ ರೂಢಿ.

ಖರ್ಚಿನ ಬದಿ ಒಪ್ಪೋಣ. ಅವರಿಗೆ ಮಾತಿಗಿಂತ, ಲಯಕ್ಕಿಂತ ಸ್ವರವೇ ಮುಖ್ಯ. ಆದರೆ ನಮಗಿರುವ ಸಾಕ್ಷಿ ಮೂರ್ನಾಲ್ಕು ನಿಮಿಷದ ಹಳೆಯ ರಿಕಾರ್ಡುಗಳು. ಒಂದೊಂದೇ ಸ್ವರವಾಗಿ ನಿಧಾನಕ್ಕೆ ರಾಗ ಬೆಳೆಸುವ ಕಿರಾಣಾ ಪದ್ಧತಿಯನ್ನು ಅಷ್ಟರಲ್ಲಿ ಅಳೆಯಲಾಗದು.

ಇನ್ನು ಜಮಾ ಬದಿ. 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯಲ್ಲಿ ಹಾಡಿದರು. ಕರ್ನಾಟಕ ಪದ್ಧತಿಯನ್ನು ಗೌರವದಿಂದ ಕಲಿತು ತ್ಯಾಗರಾಜರ ಕೀರ್ತನೆಯನ್ನೂ ರಿಕಾರ್ಡಿಗೆ ಹಾಡಿದರು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಅವರ ಶಿಷ್ಯರು. ಆ ಸವಾಯಿ ಗಂಧರ್ವರ ಶಿಷ್ಯರೇ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. 1937ರಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟ ಖಾನರು ದಾರಿಯ ರೈಲು ನಿಲ್ದಾಣವೊಂದರಲ್ಲಿ ತೀರಿಕೊಂಡರು. ದೇಹ ಮಿರಜಿಗೆ ಬಂತು.

ಅವರ ಮನೆಮಾತು ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ಗಡಿಯ ನಾವು 'ನಮ್ಮವರು, ನಿಮ್ಮವರು' ಎನ್ನುವಾಗ ಇದನ್ನು ನೆನೆಯಬೇಕು. ಅಲ್ಲಾದಿಯಾ ಖಾನರನ್ನು ಇಳಿಸದೆಯೂ ಇವರನ್ನು ಏರಿಸಬಹುದು. ಮುಂದಿನ ಉರುಸಿನಲ್ಲಿ, ವಾದಕ್ಕೆ ಮೊದಲು, ಕಣ್ಣು ಮುಚ್ಚಿ ಒಂದು ಷಡ್ಜ ಕೇಳಿ.