ಕಣ್ಣು ಮುಚ್ಚಿದರೆ ಕಾಲೇಕೆ ನಿಲ್ಲದು?

ಒಂಟಿ ಕಾಲಲ್ಲಿ ಆರಾಮಾಗಿ ನಿಲ್ಲಬಲ್ಲೆ. ಕಣ್ಣು ಮುಚ್ಚಿದ ಕೂಡಲೇ ವಾಲುತ್ತೇನೆ. ಯಾಕೆ?

ಅಲುಗಾಡದೆ ನಿಂತಿದ್ದೇವೆ ಎಂಬುದು ನಮ್ಮ ಭ್ರಮೆ. ದೇಹ ಸದಾ ತುಸು ಓಲಾಡುತ್ತಲೇ ಇರುತ್ತದೆ. ಆ ಸುದ್ದಿಯನ್ನು ಕಣ್ಣು, ಒಳಗಿವಿ, ಪಾದದ ಚರ್ಮ, ಸ್ನಾಯು, ಕೀಲುಗಳು ಮಿದುಳಿಗೆ ಮುಟ್ಟಿಸುತ್ತವೆ. ಮಿದುಳು ಎಲ್ಲವನ್ನೂ ತಾಳೆ ನೋಡಿ, ಕಣಕಾಲಿನ ಸ್ನಾಯುಗಳನ್ನು ಬಿಗಿ ಮಾಡುತ್ತ, ಸಡಿಲಿಸುತ್ತ ವಾಲಿದ್ದನ್ನು ತಿದ್ದುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟದಂತೆ: ತುದಿಯತ್ತ ನೋಡುತ್ತಿದ್ದಷ್ಟು ಹೊತ್ತು ಕೈ ಸರಿದೂಗಿಸುತ್ತದೆ. ಒಂಟಿ ಕಾಲಿಗೆ ಆಸರೆಯೇ ಕಿರಿದು. ಕಣ್ಣಿನ ಸುದ್ದಿಯೂ ನಿಂತರೆ ತಿದ್ದುಪಡಿ ಒರಟಾಗುತ್ತದೆ.

ಕಣ್ಣಿನ ನೆರವಿಲ್ಲದೆ ದೇಹ ಎಷ್ಟು ವಾಲುತ್ತದೆಂದು ತಿಳಿಯಲು ಎರಡೂ ಕಾಲೂರಿ, ಕಣ್ಣು ಮುಚ್ಚಿ ನಿಲ್ಲಿಸಿ ನೋಡುವ ರೊಂಬರ್ಗ್ ಪರೀಕ್ಷೆಯನ್ನು ವೈದ್ಯರು 19ನೇ ಶತಮಾನದಿಂದಲೂ ಬಳಸುತ್ತಿದ್ದಾರೆ. ಉಳುಕಿದ ಕಣಕಾಲು ಚೇತರಿಸಿಕೊಂಡ ಮೇಲೆ ಫಿಸಿಯೋಥೆರಪಿಸ್ಟರು ಒಂಟಿ ಕಾಲಲ್ಲಿ ನಿಲ್ಲಿಸುವುದಕ್ಕೂ ಕಾರಣವಿದೆ: ಉಳುಕಿನಿಂದ ಮಂಕಾದ ಕೀಲಿನ ಅರಿವು ಅಭ್ಯಾಸದಿಂದ ಚುರುಕಾಗುತ್ತದೆ. ನೀವೂ ಮಾಡಬಹುದು, ಗೋಡೆ ಕೈಗೆಟಕುವಂತಿರಲಿ.